ಕ್ಲಿಫರ್ಡ್ ಸಗ್ಡನ್ ಮೆಟ್ಟಿಲಿಗೆ ಸಿಮೆಂಟು ಮೆತ್ತಿದ್ದು

ಕೆಲಸದಿಂದ ನಿವೃತ್ತನಾದ ಮೂರನೆಯ ವಾರಕ್ಕೇ, ತಾನಿಲ್ಲದೆಯೂ ಜಗತ್ತು ನಡೆಯುತ್ತದೆ ಎಂಬ ಆಘಾತಕಾರಿ ಸಂಗತಿ ಕ್ಲಿಫರ್ಡ್ ಸಗ್ಡನ್‌ನ ಗಮನಕ್ಕೆ ಬಂತು. ಮೂವತ್ತೊಂದು ವರ್ಷ ಅವನು ಒಂದು ವಿಮಾ ಕಂಪನಿಯಲ್ಲಿ, ಪರಿಹಾರ ಕೇಳಿ ಬಂದ ಅರ್ಜಿಗಳಿಗೆ ಇಲ್ಲ ಎನ್ನುವ ವಿಭಾಗದ ಮುಖ್ಯಸ್ಥನಾಗಿದ್ದ. ಆ ವಿಭಾಗಕ್ಕೆ ಕಂಪನಿಯವರು ಇಟ್ಟಿದ್ದ ಹೆಸರು 'ಗ್ರಾಹಕ ಸಹಾಯ'. ಸೂರು ಸೋರಿದವರು, ಗೋಡೆ ಬಿರಿದವರು, ನೆಲಮಾಳಿಗೆಗೆ ನೀರು ನುಗ್ಗಿದವರು ಬರೆದ ಗೋಳಿನ ಕಾಗದಗಳಿಗೆಲ್ಲ ಅವನೇ ರಚಿಸಿದ ಒಂದು ವಾಕ್ಯ ಉತ್ತರವಾಗಿ ಹೋಗುತ್ತಿತ್ತು: 'ಈ ಹಾನಿಯು ಕಾಲಕ್ರಮೇಣ ಉಂಟಾದ ಸವೆತ ಹಾಗೂ ಅಸಮರ್ಪಕ ನಿರ್ವಹಣೆಯ ಫಲವಾಗಿದ್ದು, ಪರಿಹಾರಕ್ಕೆ ಅರ್ಹವಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ.' 'ವಿಷಾದದಿಂದ' ಎಂಬ ಪದ ಹೊಳೆಯಲು ತನಗೆ ಎರಡು ದಿನ ಹಿಡಿಯಿತೆಂದು ಬೀಳ್ಕೊಡುಗೆಯ ದಿನ ಅವನು ಭಾಷಣದಲ್ಲಿ ಹೇಳಿಕೊಂಡಿದ್ದ.

ಈಗ ಇಲ್ಲ ಎನ್ನಲು ಅವನ ಪಾಲಿಗೆ ಉಳಿದದ್ದು ಹೆಂಡತಿ ಬೆರಿಲ್ ಒಬ್ಬಳೇ. ಅವಳ ಮಸಾಲೆ ಡಬ್ಬಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ. ಟೀ ಪಾತ್ರೆಯನ್ನು ಒಲೆಯ ಯಾವ ಬದಿಗೆ ಇಡಬೇಕೆಂದು ಚೀಟಿ ಅಂಟಿಸಿದ. ಅವಳು ಬಟ್ಟೆ ಒಣಹಾಕುವಾಗ ಹಿಂದೆ ನಿಂತು ಕ್ಲಿಪ್ಪುಗಳ ನಡುವಿನ ಅಂತರದ ಬಗ್ಗೆ ಅಭಿಪ್ರಾಯ ಕೊಟ್ಟ. ನಾಲ್ಕನೆಯ ವಾರ ಬೆರಿಲ್ ಅವನ ಕೋಟನ್ನು ತಂದು ಕೈಗಿತ್ತಳು.

"ಕ್ಲಿಫರ್ಡ್, ಹೊರಗಡೆ ಹೋಗಿ ಏನಾದ್ರೂ ಹುಡುಕ್ಕೋ."

"ಏನನ್ನ?"

"ಏನಾದ್ರೂ. ನೀನು ಹುಡುಕಿಲ್ಲಾಂದ್ರೆ ನಾನು ಹುಡುಕ್ಕೋತೀನಿ, ಬೇರೆ ಮನೆ."

ಕ್ಲಿಫರ್ಡ್ ಹೊರಟ. ಯಾರ್ಕ್‌ಷೈರಿನ ಗುಡ್ಡಗಳ ನಡುವಿನ ರಶ್‌ಬೆಕ್ ಊರಿನಲ್ಲಿ ಹುಡುಕಲು ಹೆಚ್ಚೇನೂ ಇಲ್ಲ. ಅವನಿಗೆ ಸಿಕ್ಕಿದ್ದು ಚಾಪೆಲ್ ಮೆಟ್ಟಿಲು.

ಹೊಳೆಯ ಪಕ್ಕದ ಕೆಳಬೀದಿಯಿಂದ ಗುಡ್ಡದ ಮೇಲಿನ ಪ್ರಾರ್ಥನಾ ಮಂದಿರಕ್ಕೆ ಹೋಗುವ ಎಂಬತ್ತನಾಲ್ಕು ಕಲ್ಲಿನ ಮೆಟ್ಟಿಲುಗಳವು. ಹತ್ತಿ ಗಿರಣಿಗಳ ಹೊಗೆ ಕುಡಿದು ಕಪ್ಪಾದ ಮರಳುಗಲ್ಲು. ಗಿರಣಿಗೆ ಓಡಿದವರ ಮರದ ಚಪ್ಪಲಿಗಳು ಒಂದೊಂದು ಮೆಟ್ಟಿಲನ್ನೂ ನಡುವೆ ಬಟ್ಟಲಿನಂತೆ ಸವೆಸಿದ್ದವು. ಕಲ್ಲಿಗೇನೂ ಆಗಿರಲಿಲ್ಲ. ಆದರೆ ಸಂದುಗಳಲ್ಲಿದ್ದ ಸುಣ್ಣದ ಗಾರೆ ಮಳೆಗೆ ಕರಗಿ, ಗಾಳಿಗೆ ಉದುರಿ, ಎಷ್ಟೋ ಕಡೆ ಬೆರಳು ತೂರುವಷ್ಟು ಬಿರುಕಾಗಿತ್ತು. ಅಲ್ಲಿ ಪಾಚಿ, ಜರಿಗಿಡ, ಹಳದಿ ಹೂವಿನ ಕಳೆ ಸುಖವಾಗಿ ಸಂಸಾರ ಹೂಡಿದ್ದವು. ಮೆಟ್ಟಿಲ ಬುಡದ ಮನೆಯಲ್ಲಿರುವ ವಿಲ್ಫ್ ಗ್ರೀನ್‌ವುಡ್‌ನ ಊರುಗೋಲು ಒಮ್ಮೆ ಇಪ್ಪತ್ತೆರಡನೆಯ ಮೆಟ್ಟಿಲ ಸಂದಿಯಲ್ಲಿ ಸಿಕ್ಕಿಕೊಂಡು, ಎಳೆದರೆ ಬಾರದೆ, ಎರಡು ದಿನ ಅಲ್ಲೇ ನೆಟ್ಟಗೆ ನಿಂತಿತ್ತು. ಅದನ್ನು ಕಂಡವರು ಯಾರೋ ಅದಕ್ಕೊಂದು ಟೋಪಿಯನ್ನೂ ಹಾಕಿಹೋಗಿದ್ದರು.

ವಾರದೊಳಗೆ 'ಚಾಪೆಲ್ ಮೆಟ್ಟಿಲು ರಕ್ಷಣಾ ಸಮಿತಿ' ಹುಟ್ಟಿತು. ಅಧ್ಯಕ್ಷ ಕ್ಲಿಫರ್ಡ್ ಸಗ್ಡನ್. ಅಧ್ಯಕ್ಷನಿಗೆ ಹೊಳೆಯುವ ಹಳದಿ ಜಾಕೆಟ್ಟೂ ಹೆಸರು ಅಚ್ಚಾದ ಕಾಗದಗಳೂ ಬಂದವು. ಉಳಿದ ಆರು ಸದಸ್ಯರಲ್ಲಿ ಕೆಲಸ ಬಲ್ಲವಳು ಗ್ಲೆನಿಸ್ ಹೋಲ್‌ರಾಯ್ಡ್ ಒಬ್ಬಳೇ. ಅಪ್ಪನಿಂದ ಕಲ್ಲುಕೆಲಸ ಕಲಿತು ನಲವತ್ತು ವರ್ಷ ಹಳೆಯ ಚರ್ಚುಗಳ ಗೋಡೆಗಳ ಮೇಲೇ ಬದುಕಿದವಳು. ಅವಳ ಅಂಗೈ ಮುಟ್ಟಿದರೆ ಕಲ್ಲಿಗೂ ಕೈಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಆಗಸ್ಟಿನಲ್ಲಿ ಮಂದಿರದ ಹಜಾರದಲ್ಲಿ ಸಭೆ ನಡೆಯಿತು. ಟೀ, ಶುಂಠಿ ಕೇಕು. ಗ್ಲೆನಿಸ್ ಎದ್ದು ನಿಂತು ಇದ್ದದ್ದನ್ನು ಹೇಳಿದಳು.

"ಹಳೇ ಗಾರೇನ ಉಳೀಲಿ ಕೆದಕಿ ತೆಗೀಬೇಕು. ಸಂದು ಎಷ್ಟು ಅಗಲ ಇದ್ಯೋ ಅದರ ಎರಡರಷ್ಟು ಆಳ. ಆಮೇಲೆ ತೊಳೆದು, ಒದ್ದೆ ಮಾಡಿ, ಸುಣ್ಣದ ಗಾರೆ ತುಂಬಬೇಕು. ಒದ್ದೆ ಗೋಣಿತಾಟು ಹೊದಿಸಿ ದಿನಾ ನೀರು ಚಿಮುಕಿಸಬೇಕು. ಈ ವರ್ಷ ಆಗಲ್ಲ, ಚಳಿ ಬಂತು. ಮುಂದಿನ ಏಪ್ರಿಲ್‌ಗೆ ಶುರು ಮಾಡೋಣ. ಒಂದು ಬೇಸಗೇಲಿ ಅರ್ಧ, ಇನ್ನೊಂದು ಬೇಸಗೇಲಿ ಇನ್ನರ್ಧ."

"ನವೆಂಬರಲ್ಲಿ ಮಂದಿರಕ್ಕೆ ಇನ್ನೂರು ವರ್ಷ ತುಂಬತ್ತೆ," ಎಂದ ಕ್ಲಿಫರ್ಡ್, ಮಗುವಿಗೆ ಹೇಳುವ ದನಿಯಲ್ಲಿ. "ಮೇಯರ್ ಬರ್ತಾರೆ. ಮೇಯರ್ ಮುಂದೆ ಈ ಬಿರುಕು ಮೆಟ್ಟಿಲು ತೋರಿಸೋಕಾಗತ್ತಾ?"

"ಪೂರ್ತಿ ಹಾಳಾದ ಮೆಟ್ಟಿಲು ತೋರಿಸೋದಕ್ಕಿಂತ ವಾಸಿ."

ಕ್ಲಿಫರ್ಡ್ ಗೋಡೆಯ ಮೇಲೆ ಒಂದು ಬಣ್ಣದ ನಕ್ಷೆ ತೂಗುಹಾಕಿದ. ಎಡಕ್ಕೆ ಸುಣ್ಣ, ಕೆಂಪು ಬಣ್ಣದಲ್ಲಿ: ನಿಧಾನ, ಮೆತ್ತಗೆ, ಹಳೆಯ ಕಾಲದ್ದು. ಬಲಕ್ಕೆ ಸಿಮೆಂಟು, ಹಸಿರಿನಲ್ಲಿ: ಬೇಗ, ಗಟ್ಟಿ, ಆಧುನಿಕ. ಅವನು ಮನೆಯಲ್ಲಿ ಕೂತು ಹನ್ನೊಂದು ವಿಡಿಯೋ ನೋಡಿದ್ದ.

"ಗಟ್ಟಿ ಇರೋದೇ ತೊಂದರೆ ಕಣಪ್ಪಾ," ಎಂದಳು ಗ್ಲೆನಿಸ್. "ಕಲ್ಲಿನೊಳಗೆ ನೀರು ಹೋಗೇ ಹೋಗತ್ತೆ. ಸುಣ್ಣ ಮೆತ್ತಗಿರತ್ತೆ, ನೀರು ಅದರ ಮೂಲಕ ಆಚೆ ಬರತ್ತೆ. ಸಿಮೆಂಟು ಮೆತ್ತಿದ್ರೆ ನೀರಿಗೆ ಬಾಗಿಲು ಮುಚ್ಚಿದ ಹಾಗೆ. ಒಳಗೇ ಕೂತು, ಚಳೀಲಿ ಹೆಪ್ಪುಗಟ್ಟಿ, ಕಲ್ಲಿನ ಮುಖಾನೇ ಒಡ್ಕೊಂಡು ಬರತ್ತೆ."

"ನಕ್ಷೆಯಲ್ಲಿ ಹಾಗಿಲ್ಲವಲ್ಲ," ಎಂದ ಕ್ಲಿಫರ್ಡ್.

ಮತಕ್ಕೆ ಹಾಕಿದರು. ಸಿಮೆಂಟಿಗೆ ಆರು, ಸುಣ್ಣಕ್ಕೆ ಒಂದು. ವಿಲ್ಫ್ ಗ್ರೀನ್‌ವುಡ್ ಕೂಡ ಸಿಮೆಂಟಿಗೇ ಕೈ ಎತ್ತಿದ. ಏಕೆಂದು ಆಮೇಲೆ ಗ್ಲೆನಿಸ್ ಕೇಳಿದಾಗ, "ಕೇಕು ಮುಗೀತಾ ಬಂದಿತ್ತು, ಅವನಿನ್ನೂ ಮಾತಾಡ್ತಾನೇ ಇದ್ದ," ಎಂದ.

ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. ಮೊಣಕಾಲಿಗೆ ಮೆತ್ತೆ ಕಟ್ಟಿಕೊಂಡು, ಹೊಸ ಕರಣೆ ಹಿಡಿದು, ಕ್ಲಿಫರ್ಡ್ ಬುಡದ ಮೆಟ್ಟಿಲಿಂದ ಮೇಲೇರಿದ. ಸಂದುಗಳನ್ನು ಕೆದಕುವ ಗೋಜಿಗೆ ಅವನು ಹೋಗಲಿಲ್ಲ. ಮೇಲಿನ ಪಾಚಿಯನ್ನು ಬ್ರಷ್ಷಿನಿಂದ ಗುಡಿಸಿ, ಅದರ ಮೇಲೇ ಸಿಮೆಂಟು ಒತ್ತಿದ. ಸಂದಿಗಿಂತ ಕಲ್ಲಿನ ಮೇಲೇ ಹೆಚ್ಚು ಬಿತ್ತು. ಬಿದ್ದದ್ದನ್ನು ಒರೆಸುವ ಬದಲು ಪಟ್ಟಿಯಂತೆ ಎಳೆದು, ಅಂಚು ಕತ್ತರಿಸಿ, ಉಬ್ಬಿಸಿ, ಅದೇ ಒಂದು ಅಲಂಕಾರವೆಂಬಂತೆ ಮಾಡಿದ. ಕಪ್ಪು ಕಲ್ಲಿನ ಮೇಲೆ ಬೂದು ಬಣ್ಣದ ಪಟ್ಟಿಗಳು ಗಾಯಕ್ಕೆ ಕಟ್ಟಿದ ಬ್ಯಾಂಡೇಜಿನಂತೆ ಎದ್ದು ಕಂಡವು. ಸಾಯಂಕಾಲ ಊಟದ ಹೊತ್ತಿಗೆ ಅವನು ಬೆರಿಲ್‌ಗೆ ಆ ದಿನ ಮುಗಿದ ಸಂದುಗಳ ಉದ್ದವನ್ನು ಗಜಗಳಲ್ಲಿ ಹೇಳುತ್ತಿದ್ದ. ಅವಳು ಆಲೂಗಡ್ಡೆ ಬಡಿಸುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಹಸಿವು, ನಿದ್ದೆ ಎರಡೂ ಚೆನ್ನಾಗಿ ಬರುತ್ತಿದ್ದವು. ಅವಳಿಗೆ ಅಷ್ಟೇ ಬೇಕಿತ್ತು.

ನವೆಂಬರಿನಲ್ಲಿ ಮೇಯರಮ್ಮ ಕತ್ತಿನಲ್ಲಿ ಚಿನ್ನದ ಸರಪಳಿ ಧರಿಸಿ ಬಂದು ರಿಬ್ಬನ್ ಕತ್ತರಿಸಿದರು. ಮೊದಲ ಮೆಟ್ಟಿಲ ಪಕ್ಕದ ಗೋಡೆಗೆ ಹಿತ್ತಾಳೆಯ ಫಲಕ ಕೂರಿಸಿದ್ದರು. ಅದರಲ್ಲಿ ಮಂದಿರದ ಹೆಸರು ಸಣ್ಣಕ್ಷರದಲ್ಲಿ, ಸಮಿತಿಯ ಹೆಸರು ಅದಕ್ಕಿಂತ ದೊಡ್ಡದಾಗಿ, ಅಧ್ಯಕ್ಷನ ಹೆಸರು ಕನ್ನಡಕ ಇಲ್ಲದವರಿಗೂ ಕಾಣುವಂತೆ ಇತ್ತು.

"ಕಲ್ಲಿನ ಹಾಗೇ ಗಟ್ಟಿಯಾಗಿದೆ, ಮಿಸ್ಟರ್ ಸಗ್ಡನ್!" ಎಂದು ಮೇಯರಮ್ಮ ಕಾಲಿನಿಂದ ಸಿಮೆಂಟನ್ನು ಒತ್ತಿ ನೋಡಿದರು.

"ಕಲ್ಲಿಗಿಂತ ಗಟ್ಟಿ, ಮೇಡಂ," ಎಂದ ಕ್ಲಿಫರ್ಡ್ ಎದೆಯುಬ್ಬಿಸಿ.

ಹಿಂದೆ ನಿಂತಿದ್ದ ಗ್ಲೆನಿಸ್, "ಅದನ್ನೇ ನಾನೂ ಹೇಳಿದ್ದು," ಎಂದಳು. ಎಲ್ಲರೂ ಅದನ್ನು ಹೊಗಳಿಕೆಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ಡಿಸೆಂಬರಿನಲ್ಲಿ ಬಿಡದೆ ಮಳೆ ಸುರಿಯಿತು. ಜನವರಿಯಲ್ಲಿ ಮಳೆ ನಿಂತು ಚಳಿ ಹಿಡಿಯಿತು. ಮೊದಲು ಸಂದುಗಳಲ್ಲಿ ಇಳಿದುಹೋಗುತ್ತಿದ್ದ ನೀರು ಈಗ ಹೋಗಲು ದಾರಿಯಿಲ್ಲದೆ ಸವೆದ ಮೆಟ್ಟಿಲುಗಳ ಬಟ್ಟಲಿನಲ್ಲೇ ನಿಂತು ಗಾಜಿನಂತೆ ಹೆಪ್ಪುಗಟ್ಟಿತು. ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಪ್ರಾರ್ಥನೆ ಮುಗಿದು ಮಂದಿರದ ಬಾಗಿಲಲ್ಲಿ ಜನ ಕೈಕುಲುಕುತ್ತ ನಿಂತಿರುವಾಗ, ಕ್ಲಿಫರ್ಡ್ ಒಳ್ಳೆಯ ಕೋಟು ತೊಟ್ಟು ಎಲ್ಲರಿಗಿಂತ ಮೊದಲು ಇಳಿಯಹೊರಟ. ಅಧ್ಯಕ್ಷನಾದವನು ಮೆಟ್ಟಿಲ ಮೇಲೆ ಮೊದಲು ಕಾಣಿಸಿಕೊಳ್ಳಬೇಕೆಂಬುದು ಅವನ ನಿಯಮ.

ಅರವತ್ತನೆಯ ಮೆಟ್ಟಿಲ ಮೇಲೆ ಅವನ ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಹೋದವು. ಅಲ್ಲಿಂದ ಅವನು ಕೂತ ಭಂಗಿಯಲ್ಲೇ, ಬೆನ್ನು ನೆಟ್ಟಗಿಟ್ಟುಕೊಂಡು, ಟೋಪಿಯನ್ನು ಒಂದು ಕೈಯಲ್ಲಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಒಂದೊಂದು ಬಾರಿ "ಹಾ" ಎನ್ನುತ್ತ, ನಲವತ್ತಾರನೆಯ ಮೆಟ್ಟಿಲ ಬಳಿಯ ಸಮತಟ್ಟಿನವರೆಗೆ ಜಾರಿದ. ಮೇಲೆ ನಿಂತಿದ್ದ ಭಜನಾ ತಂಡದವರು ಎಣಿಸಿದರು. ಹದಿನಾಲ್ಕು. ಕೊನೆಯ ಐದನ್ನು ಜೋರಾಗಿಯೇ ಎಣಿಸಿದರೆಂದು ಹೇಳುವವರಿದ್ದಾರೆ.

ಎಲುಬೇನೂ ಮುರಿಯಲಿಲ್ಲ. ಆದರೆ ಡಾಕ್ಟರು ನಡುವೆ ತೂತಿರುವ ಗಾಳಿದಿಂಬು ಬರೆದುಕೊಟ್ಟರು. ಎರಡು ತಿಂಗಳು ಅದರ ಮೇಲಲ್ಲದೆ ಅವನು ಎಲ್ಲೂ ಕೂರುವಂತಿರಲಿಲ್ಲ.

ಫೆಬ್ರುವರಿಯಲ್ಲಿ ಬಿಸಿಲು ಬಿದ್ದು ಹಿಮ ಕರಗಿದಾಗ ನಿಜವಾದ ಅನಾಹುತ ಕಂಡಿತು. ಕಲ್ಲುಗಳ ಮುಖ ಹಳೆಯ ಬಿಸ್ಕತ್ತಿನಂತೆ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಹನ್ನೊಂದು ಮೆಟ್ಟಿಲುಗಳ ಅಂಚು ಕಳಚಿ ಬಿದ್ದಿತ್ತು. ಇನ್ನೂರು ವರ್ಷದ ಕಲ್ಲು ಹಿಂದೆ ಸರಿದಲ್ಲೆಲ್ಲ ಕ್ಲಿಫರ್ಡ್‌ನ ಸಿಮೆಂಟು ಪಟ್ಟಿಗಳು ಮಾತ್ರ ಒಂದು ಚೂರೂ ಮುಕ್ಕಾಗದೆ, ಬಡಕಲು ದನದ ಪಕ್ಕೆಲುಬಿನಂತೆ ಎದ್ದು ನಿಂತಿದ್ದವು. ಫಲಕವೂ ಉಳಿಯಲಿಲ್ಲ. ಹಿಂದಿನ ಕಲ್ಲಿನ ಪದರವನ್ನು ಬೆನ್ನಿಗೆ ಅಂಟಿಸಿಕೊಂಡೇ ಅದು ಒಂದು ಮಂಗಳವಾರ ಕೆಳಗುರುಳಿತು.

ಕ್ಲಿಫರ್ಡ್ ಧೃತಿಗೆಡಲಿಲ್ಲ. ಸಮಿತಿಯ ಪರವಾಗಿ ಮೆಟ್ಟಿಲಿಗೆ ವಿಮೆ ಮಾಡಿಸಿಟ್ಟಿದ್ದ, ಅದೂ ತನ್ನ ಹಳೆಯ ಕಂಪನಿಯಲ್ಲೇ. ಫೋಟೋಗಳನ್ನು ಲಗತ್ತಿಸಿ, 'ಅನಿರೀಕ್ಷಿತ ಪ್ರಕೃತಿ ವಿಕೋಪ' ಎಂಬ ತಲೆಬರಹದಲ್ಲಿ ಆರು ಪುಟದ ಅರ್ಜಿ ಬರೆದ. ಉತ್ತರ ಮಾರ್ಚಿನ ಸಭೆಯ ದಿನವೇ ಬಂತು. ಅವನು ಗಾಳಿದಿಂಬಿನ ಮೇಲೆ ಕೂತು, ಎಲ್ಲರೆದುರು ಲಕೋಟೆ ಒಡೆದು, ಓದಿ, ಮಡಚಿ ಜೇಬಿಗೆ ಹಾಕಿಕೊಂಡ.

"ಏನ್ ಬರ್ದಿದ್ದಾರೆ?" ಎಂದ ವಿಲ್ಫ್.

"ಪರಿಶೀಲನೆಯಲ್ಲಿದೆ ಅಂತೆ."

"ಕೊಡಿಲ್ಲಿ, ನಾನೂ ಸದಸ್ಯ ತಾನೇ," ಎಂದು ವಿಲ್ಫ್ ಕೈ ಚಾಚಿದ. ಗಾಳಿದಿಂಬಿನಿಂದ ಥಟ್ಟನೆ ಏಳುವುದು ಸುಲಭವಲ್ಲ. ಅಷ್ಟರಲ್ಲಿ ಕಾಗದ ವಿಲ್ಫ್‌ನ ಕೈಯಲ್ಲಿತ್ತು. ಅವನು ಕನ್ನಡಕ ಏರಿಸಿ, ಮಂದಿರದಲ್ಲಿ ಬೈಬಲಿನ ಪಾಠ ಓದುವವನಂತೆ ಗಂಟಲು ಸರಿಮಾಡಿಕೊಂಡು ಓದಿದ: "'ಈ ಹಾನಿಯು ಕಾಲಕ್ರಮೇಣ ಉಂಟಾದ ಸವೆತ ಹಾಗೂ ಅಸಮರ್ಪಕ ನಿರ್ವಹಣೆಯ ಫಲವಾಗಿದ್ದು...' ಅರೆ! ಈ ಮಾತು ನಾನು ಎಲ್ಲೋ ಓದಿದ ಹಾಗಿದೆಯಲ್ಲ!"

"ನಂಗೂ ಬಂದಿತ್ತು ಕಣ್ರೀ ಅದು, ನಮ್ಮ ಚಿಮಣಿ ಬಿದ್ದಾಗ," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

"ನಂಗೆ ಎರಡು ಸಲ."

"ಕೊನೇಲಿ 'ವಿಷಾದದಿಂದ' ಅಂತ ಇರ್ಬೇಕು, ನೋಡು ವಿಲ್ಫ್!"

"ಇದೆ ಇದೆ! ವಿಷಾದದಿಂದಾನೇ!"

ಹಜಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟೀ ಹಂಚುತ್ತಿದ್ದ ಬೆರಿಲ್ ಕೂಡ ನಕ್ಕಳು, ಬೆನ್ನು ತಿರುಗಿಸಿಕೊಂಡು. ಕ್ಲಿಫರ್ಡ್ ಮಾತ್ರ ಆ ವಾಕ್ಯವನ್ನು ಮನಸ್ಸಿನಲ್ಲಿ ತಿರುಗಿಸುತ್ತ ಕೂತಿದ್ದ. ಎಷ್ಟು ಚೆನ್ನಾಗಿ ಕಟ್ಟಿದ ವಾಕ್ಯ, ಹಿಡಿಯಲು ಎಲ್ಲೂ ಒಂದು ಸಂದಿಲ್ಲ ಎಂದು ಅವನು ಸಾವಿರ ಸಲ ಹೆಮ್ಮೆಪಟ್ಟಿದ್ದ. ಅದು ನಿಜವೆಂದು ಇವತ್ತು ಗೊತ್ತಾಯಿತು.

ನಗು ನಿಂತ ಮೇಲೆ ಎಲ್ಲರೂ ಗ್ಲೆನಿಸ್‌ಳ ಕಡೆ ತಿರುಗಿದರು.

"ಸರಿಮಾಡ್ಬಹುದು," ಎಂದಳು ಅವಳು. "ಹನ್ನೊಂದು ಕಲ್ಲು ನಾನು ಹೊಸದಾಗಿ ಕಡೀತೀನಿ. ಗಾರೆ ಕಲಸೋದು, ತುಂಬೋದು ಹೇಳ್ಕೊಡ್ತೀನಿ. ಆದ್ರೆ ಆ ಸಿಮೆಂಟು ಮೊದಲು ಆಚೆ ಬರ್ಬೇಕು. ಮೆತ್ತಿದವನೇ ತೆಗೀಬೇಕು. ಮಷೀನು ಮುಟ್ಟೋ ಹಾಗಿಲ್ಲ, ಅದು ಕಲ್ಲನ್ನೂ ಸೇರಿಸಿ ಕುಯ್ಯತ್ತೆ. ಚಾಣ, ಸುತ್ತಿಗೆ, ಮೊಣಕಾಲು. ಅಷ್ಟೇ."

"ನಂಗೆ ಅರವತ್ತಾರು ವರ್ಷ, ಗ್ಲೆನಿಸ್."

"ನಂಗೆ ಎಪ್ಪತ್ತೊಂದು. ಅದಕ್ಕೇನೀಗ?"

ಈ ಸಲ ಮತ ಏಳಕ್ಕೆ ಆರು ಬಿತ್ತು. ಅಧ್ಯಕ್ಷ ತಟಸ್ಥನಾಗಿ ಉಳಿದ.

ಏಪ್ರಿಲ್ ಒಂದರಂದು ಕ್ಲಿಫರ್ಡ್ ಬುಡದ ಮೆಟ್ಟಿಲ ಮುಂದೆ ಮೊಣಕಾಲೂರಿದ. ದಿನಾಂಕವನ್ನು ಗ್ಲೆನಿಸ್ ಆರಿಸಿದ್ದಳು. ಹೋದ ವರ್ಷ ಒಂದು ದಿನಕ್ಕೆ ಹನ್ನೆರಡು ಗಜ ಸಿಮೆಂಟು ಮೆತ್ತಿದ್ದ ಮನುಷ್ಯನಿಗೆ ಈಗ ಒಂದು ದಿನಕ್ಕೆ ಎರಡು ಅಡಿ ತೆಗೆಯುವುದೂ ಕಷ್ಟವಾಯಿತು. ಚಾಣ ಜಾರುತ್ತಿತ್ತು, ಸುತ್ತಿಗೆ ಹೆಬ್ಬೆರಳನ್ನೇ ಹುಡುಕಿಕೊಂಡು ಬರುತ್ತಿತ್ತು. ಕೆಳಬೀದಿಯಿಂದ ಮೇಲೆ ಹೋಗುವವರಿಗೆಲ್ಲ ಅದೇ ದಾರಿ. ಹೋಗುವಾಗ ಒಂದು ಮಾತು, ಬರುವಾಗ ಇನ್ನೊಂದು.

"ಏನ್ ಕ್ಲಿಫರ್ಡ್, ಉಂಗುರ ಬಿದ್ದೋಯ್ತಾ?"

"ನವೆಂಬರಿಗೆ ಮುಗಿಯತ್ತಲ್ವಾ? ಯಾವ ವರ್ಷದ್ದು?"

"ಎಷ್ಟು ಗಟ್ಟಿಯಾಗಿದೆ ಅಂತ ನೋಡ್ತಾ ಇದ್ದೀಯಾ? ಕಲ್ಲಿಗಿಂತ ಗಟ್ಟಿ ಅಂತೆ, ಮೇಯರಮ್ಮನ್ನೇ ಕೇಳು!"

ವಿಲ್ಫ್ ದಾರಿಹೋಕನಾಗಿರಲಿಲ್ಲ. ಅವನು ದಿನಾ ಹನ್ನೊಂದು ಗಂಟೆಗೆ ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಬೇಯಿಸಿದ ಪೈ, ಥರ್ಮಾಸು, ಒಂದು ಮಡಚುವ ಕುರ್ಚಿ ತಂದು, ನೆರಳು ನೋಡಿ ಕೂತು, ಆಟ ನೋಡುವವನಂತೆ ನೋಡುತ್ತಿದ್ದ. ಮೇ ತಿಂಗಳಲ್ಲೊಂದು ದಿನ, ಇಪ್ಪತ್ತೆರಡನೆಯ ಮೆಟ್ಟಿಲಲ್ಲಿದ್ದಾಗ, ಕ್ಲಿಫರ್ಡ್ ತಡೆಯಲಾರದೆ ತಿರುಗಿದ.

"ವಿಲ್ಫ್, ನಿಂಗೆ ಬೇರೆ ಕೆಲ್ಸ ಇಲ್ವೇನಯ್ಯಾ? ಒಂದು ಸಲ ನಕ್ಕಿದ್ದಾಯ್ತು. ದಿನಾ ಬಂದು ಕೂರೋಕೆ ನಾನೇನು ನಿಂಗೆ ಅನ್ಯಾಯ ಮಾಡಿದ್ದೀನಿ?"

ವಿಲ್ಫ್ ಪೈಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ಒರೆಸಿಕೊಂಡ. "ನೀನು ಬರ್ದಿದ್ದ ಕಾಗದದಲ್ಲಿ ಎರಡನೇ ಪ್ಯಾರಾ ಒಂದಿತ್ತು, ನೆನಪಿದ್ಯಾ?"

"ಯಾವ ಕಾಗದ?"

"ಹತ್ತೊಂಬತ್ತು ವರ್ಷ ಆಯ್ತು. ನಮ್ಮನೆ ಪಕ್ಕದ ಗೋಡೆ ಒದ್ದೆ ಆಗಿತ್ತು. ನೀವು ಇಲ್ಲ ಅಂದ್ರಿ. ಹೋಗ್ಲಿ, ಎಲ್ರಿಗೂ ಅಂದಿದ್ದೀರಿ. ಆದ್ರೆ ಕೆಳಗೆ ಒಂದು ಬುದ್ಧಿಮಾತು ಬೇರೆ ಇತ್ತು. ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸೋದು ಸೂಕ್ತ, ಅಂತ. ದೊಡ್ಡ ಕಂಪನಿಯವರು ಹೇಳಿದ್ದಾರಲ್ಲ ಅಂತ ಮಾಡಿಸ್ದೆ. ಅವತ್ತಿಂದ ಒಳಗೆ ಗೋಡೆ ಒಣಗಿಲ್ಲ. ಅಣಬೆ ಎದ್ದವು. ನನ್ನ ಹೆಂಡ್ತಿ ಮಾರ್ಜರಿ ಕೊನೇ ಮೂರು ಚಳಿಗಾಲ ಮಲಗೋ ಕೋಣೆಗೆ ಕಾಲಿಡ್ಲಿಲ್ಲ, ಕೆಮ್ಮು. ಮುಂದಿನ ಕೋಣೆ ಸೋಫಾ ಮೇಲೇ ಇದ್ಲು. ಕಾಲು ಚಾಚೋಕೆ ಆಗ್ತಿರ್ಲಿಲ್ಲ ಅವಳಿಗೆ, ಉದ್ದ ಅಲ್ವಾ ಅವಳು."

ಅವನ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುವಂತೆ ಹೇಳಿದ. ಮೂವತ್ತು ವರ್ಷ ಬಸ್ಸು ಓಡಿಸಿದವನು ಅವನು.

ಕ್ಲಿಫರ್ಡ್ ಮತ್ತೆ ಕಲ್ಲಿನ ಕಡೆ ತಿರುಗಿ ಚಾಣ ಎತ್ತಿಕೊಂಡ. ವಿಲ್ಫ್ ಪೈ ಮುಗಿಸಿದ.

ಜೂನ್ ಹೊತ್ತಿಗೆ ಅವನ ಕೈಗೆ ಒಂದು ಹದ ಬಂದಿತ್ತು. ಸಿಮೆಂಟಿನ ಅಡಿಯಲ್ಲಿ ಅಲ್ಲಲ್ಲಿ ಹಳೆಯ ಸುಣ್ಣದ ಗಾರೆ ಸಿಕ್ಕುತ್ತಿತ್ತು. ಅದರಲ್ಲಿ ಇದ್ದಿಲ ಚೂರು, ಕುದುರೆಯ ಕೂದಲು. ಒಂದು ಕಡೆ, ಮೂವತ್ತೊಂಬತ್ತನೆಯ ಮೆಟ್ಟಿಲ ಹಿಂದೆ, ಇನ್ನೂರು ವರ್ಷದ ಹಿಂದಿನ ಯಾವನೋ ಗಾರೆಯವನು ಹೆಬ್ಬೆರಳಿನಿಂದ ಒತ್ತಿದ ಗುರುತು ಗೆರೆಗಳ ಸಮೇತ ಹಾಗೇ ಉಳಿದಿತ್ತು. ಕ್ಲಿಫರ್ಡ್ ಅತ್ತಿತ್ತ ನೋಡಿ ತನ್ನ ಹೆಬ್ಬೆರಳನ್ನು ಅದರೊಳಗಿಟ್ಟ. ತೂರಲಿಲ್ಲ, ಸುತ್ತಿಗೆಯ ಏಟಿಗೆ ಅದು ಬದನೆಕಾಯಿಯಂತೆ ಊದಿತ್ತು.

ಜುಲೈಯಲ್ಲಿ ಗ್ಲೆನಿಸ್ ಸುಣ್ಣ, ಮರಳು ತಂದು ಕಲಸುವುದನ್ನು ತೋರಿಸಿದಳು.

"ನೀರು ಹಾಕ್ಲಾ?" ಎಂದ ಕ್ಲಿಫರ್ಡ್, ಗಾರೆ ಒರಟಾಗಿ ಕಂಡದ್ದಕ್ಕೆ.

"ಬೇಡ. ಇನ್ನೂ ಕಲಸು."

"ಈಗ?"

"ಬೇಡ ಅಂದ್ನಲ್ಲ. ಕಲಸು. ನಿಂಗೆ ಕೈ ನೋಯತ್ತೆ ಅಂತ ನೀರು ಕೇಳ್ತಿದ್ದೀಯ, ಗಾರೆಗೆ ಬೇಕು ಅಂತಲ್ಲ."

ಅವನು ಮೊದಲು ತುಂಬಿದ ಸಂದನ್ನು ಅವಳು ಒಂದೇ ಕೈಯಲ್ಲಿ ಕೆದರಿ ತೆಗೆದಳು. ಎರಡನೆಯದನ್ನೂ ತೆಗೆದಳು. ಮೂರನೆಯದನ್ನು ನೋಡಿ, "ಕೇಕಿಗೆ ಕೆನೆ ಬಳೀತಿಲ್ಲ ಕಣೋ, ಒಳಗೆ ತಳ್ಳು. ಹಿಂದೆ ಕಲ್ಲಿಗೆ ತಾಗೋ ತನಕ ತಳ್ಳು," ಎಂದಳು. ಹದಿನೇಳನೆಯದನ್ನು ನೋಡಿ ಏನೂ ಹೇಳದೆ ಮುಂದೆ ಹೋದಳು. ಕ್ಲಿಫರ್ಡ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆ ಸಂದನ್ನು ಬಗ್ಗಿ ಮತ್ತೊಮ್ಮೆ ನೋಡಿದ. ಮನೆಗೆ ಹೋಗುವಾಗ ಇನ್ನೊಮ್ಮೆ ನೋಡಿದ. ಊಟವಾದ ಮೇಲೆ ಬೆರಿಲ್‌ಳನ್ನೂ ಕರೆತಂದು ತೋರಿಸಿದ.

"ಯಾವುದು?" ಎಂದಳು ಅವಳು.

"ಇದು."

"ಬೇರೇದರ ಹಾಗೇ ಇದೆ."

"ಹೌದು!" ಎಂದ ಅವನು, ಕಣ್ಣರಳಿಸಿ.

ಆ ಬೇಸಗೆಯಲ್ಲಿ ಅರ್ಧ ಮೆಟ್ಟಿಲುಗಳು ಒದ್ದೆ ಗೋಣಿತಾಟು ಹೊದ್ದು ಮಲಗಿದವು, ಕ್ಲಿಫರ್ಡ್ ಬಿಸಿಲಲ್ಲಿ ನೀರಿನ ಡಬ್ಬಿ ಹಿಡಿದು ಅವುಗಳ ನಡುವೆ ಜ್ವರ ಬಂದ ಮಕ್ಕಳನ್ನು ನೋಡಿಕೊಳ್ಳುವವನಂತೆ ಓಡಾಡಿದ. ಎರಡು ಬೇಸಗೆ ಬೇಕೆಂದಿದ್ದ ಗ್ಲೆನಿಸ್‌ಳ ಮಾತೇ ಸರಿಯಾಯಿತು. ಮುಂದಿನ ವರ್ಷದ ಆಗಸ್ಟಿನಲ್ಲಿ ಕೊನೆಯ ಗೋಣಿತಾಟನ್ನು ಎತ್ತಿದರು. ಮೇಯರಮ್ಮನನ್ನು ಕರೆಯಲಿಲ್ಲ. ನಡುವೆ ಬಿದ್ದ ಚಳಿಗೆ ಮೊದಲ ಅರ್ಧದ ಒಂದು ಸಂದೂ ಅಲುಗಿರಲಿಲ್ಲ.

ಸೆಪ್ಟೆಂಬರಿನ ಮೊದಲ ಸೋಮವಾರ ಕ್ಲಿಫರ್ಡ್ ಚಾಣ, ಸುತ್ತಿಗೆ ಹಿಡಿದು ವಿಲ್ಫ್‌ನ ಬಾಗಿಲು ತಟ್ಟಿದ.

"ನಾನು ಅರ್ಜಿ ಹಾಕಿಲ್ಲವಲ್ಲ," ಎಂದ ವಿಲ್ಫ್.

"ಗೊತ್ತು. ಗೋಡೆ ಎಲ್ಲಿ?"

ವಿಲ್ಫ್ ಚಪ್ಪಲಿ ಮೆಟ್ಟಿಕೊಂಡು ಹೊರಬಂದು ಪಕ್ಕದ ಗೋಡೆ ತೋರಿಸಿದ. ಸಿಮೆಂಟಿನ ಗಿಲಾವು ದೊಡ್ಡ ಹಲಗೆಗಳಂತೆ ಕಳಚಿ ಬಿತ್ತು. ಹಿಂದಿನ ಕಲ್ಲು ಇಪ್ಪತ್ತು ವರ್ಷದ ನೀರು ಕುಡಿದು ಕಪ್ಪಗೆ ಬೆವರುತ್ತಿತ್ತು. ನಾಲ್ಕು ದಿನ ಕೆಲಸ ನಡೆಯಿತು. ವಿಲ್ಫ್ ಮಡಚುವ ಕುರ್ಚಿ ತಂದು ಕೂತ. ಮೂರನೆಯ ದಿನ ಎರಡು ಪೈ ತಂದ. ಕ್ಷಮಿಸು ಎಂದು ಇವನೂ ಹೇಳಲಿಲ್ಲ, ಹೋಗಲಿ ಬಿಡು ಎಂದು ಅವನೂ ಹೇಳಲಿಲ್ಲ. "ಉಪ್ಪು ಜಾಸ್ತಿ ಆಗಿದೆ," ಎಂದ ಕ್ಲಿಫರ್ಡ್, ಪೈಯನ್ನು ಕುರಿತು. "ತಿನ್ನು ಮುಚ್ಕೊಂಡು," ಎಂದ ವಿಲ್ಫ್.

ಇಲ್ಲಿಗೆ ನಿಂತಿದ್ದರೆ ಕ್ಲಿಫರ್ಡ್ ಸಗ್ಡನ್ ಒಳ್ಳೆಯವನಾದ ಎಂದು ಊರು ಸಮಾಧಾನದಿಂದ ಇರಬಹುದಿತ್ತು. ಆದರೆ ಅವನು ಸುಣ್ಣವನ್ನು ಅರಿತುಕೊಂಡುಬಿಟ್ಟಿದ್ದ. ಅರಿತುಕೊಂಡದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ.

ಮೊದಲು ಅವನು ನಲವತ್ತು ಪುಟದ ಒಂದು ಕೈಪಿಡಿ ಬರೆದು ಮನೆಮನೆಗೆ ಹಾಕಿದ. ಆಮೇಲೆ ಬೀದಿಯಲ್ಲಿ ನಡೆಯುತ್ತ, ಕಂಡಕಂಡವರ ಮನೆಯ ಸಂದುಗಳನ್ನು ಬೀಗದ ಕೈಯಿಂದ ಕೆರೆಯತೊಡಗಿದ. ಸಿಮೆಂಟು ಸಿಕ್ಕಿದಲ್ಲಿ ನಿಟ್ಟುಸಿರಿಟ್ಟು ಬಾಗಿಲು ತಟ್ಟುತ್ತಿದ್ದ. "ನಿಮ್ಮ ಗೋಡೆಗೆ ಉಸಿರಾಡೋಕೆ ಆಗ್ತಿಲ್ಲ," ಎನ್ನುತ್ತಿದ್ದ, ಸಾವಿನ ಸುದ್ದಿ ತಂದವನ ದನಿಯಲ್ಲಿ. ಮಂದಿರದಲ್ಲಿ ಮದುವೆಯಾದ ಹುಡುಗಿಯೊಬ್ಬಳನ್ನು ಹೂವಿನ ಗೊಂಚಲಿನ ಸಮೇತ ಐವತ್ತನೆಯ ಮೆಟ್ಟಿಲಲ್ಲಿ ನಿಲ್ಲಿಸಿ, ಅವಳು ಯಾವುದರ ಮೇಲೆ ನಿಂತಿದ್ದಾಳೆಂದು ವಿವರಿಸಿದ. ಮದುಮಗ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ. ಮೇಯರಮ್ಮ ತಮ್ಮ ಮನೆಯ ಮುಂದಿನ ಗೋಡೆಗೆ ಹೊಸದಾಗಿ ಸಿಮೆಂಟು ಹಾಕಿಸಿದಾಗ ಸಮಿತಿಯ ಕಾಗದದಲ್ಲಿ ಅವರಿಗೆ ಮೂರು ಪತ್ರ ಹೋದವು. ಅವರು ಈಗ ಹಳದಿ ಜಾಕೆಟ್ಟು ಕಂಡರೆ ರಸ್ತೆ ದಾಟುತ್ತಾರೆ.

ಸಮಿತಿಯ ಚುನಾವಣೆ ಬಂದಾಗ ಅಧ್ಯಕ್ಷ ಸ್ಥಾನಕ್ಕೆ ಗ್ಲೆನಿಸ್ ನಿಲ್ಲಬೇಕೆಂದು ಕ್ಲಿಫರ್ಡ್‌ನೇ ಸೂಚಿಸಿದ. ಕಣ್ಣಲ್ಲಿ ನೀರೂ ತಂದುಕೊಂಡ. "ನಂಗೆ ಕೆಲ್ಸ ಇದೆ," ಎಂದಳು ಗ್ಲೆನಿಸ್. ಬೇರೆ ಯಾರಿಗೂ ಆ ಕುರ್ಚಿ ಬೇಕಿರಲಿಲ್ಲ. ಅವಿರೋಧವಾಗಿ ಆಯ್ಕೆಯಾದವನು ಅದೇ ಕ್ಲಿಫರ್ಡ್. ಇದು ತನ್ನ ಮೇಲೆ ಊರಿಟ್ಟ ನಂಬಿಕೆಯೆಂದು ಅವನು ಇಪ್ಪತ್ತೈದು ನಿಮಿಷ ಮಾತಾಡಿದ. ಅದರಲ್ಲಿ ಇಪ್ಪತ್ತು ನಿಮಿಷ ಗಾರೆಗೆ ನೀರು ಎಷ್ಟು ಹಾಕಬೇಕೆಂಬುದು. ಹದಿನೇಳನೆಯ ಸಂದಿನ ವಿಷಯ ಎರಡು ಸಲ ಬಂತು.

ಮರುದಿನ ಕೆಳಬೀದಿಯ ಪೈ ಅಂಗಡಿಯಲ್ಲಿ ಬೆರಿಲ್, ಗ್ಲೆನಿಸ್ ಎದುರುಬದುರಾದರು.

"ಇದೆಲ್ಲ ನಿನ್ನಿಂದಾನೇ ಆಗಿದ್ದು, ಗ್ಲೆನಿಸ್," ಎಂದಳು ಬೆರಿಲ್. "ನಿನ್ನೆ ನಮ್ಮನೇಲಿ ಹಿಟ್ಟು ಕಲಸ್ತಾ ಇದ್ದೆ. ಹಿಂದೆ ಬಂದು ನಿಂತು, 'ನೀರು ಹಾಕ್ಬೇಡ, ಇನ್ನೂ ಕಲಸು' ಅಂತಾನೆ."

"ನಾನೇನ್ ಮಾಡ್ಲಿ? ಮೆಟ್ಟಿಲು ಸರಿಮಾಡು ಅಂದ್ರಿ, ಮಾಡ್ದೆ. ಗಂಡನ್ನ ಸರಿಮಾಡು ಅಂತ ಯಾರೂ ಹೇಳಿರ್ಲಿಲ್ಲ."

"ನಾನು ಭಜನಾ ತಂಡ ಸೇರ್ಕೊಂಡೆ. ವಾರಕ್ಕೆ ಮೂರು ದಿನ."

"ನಿಂಗೆ ಹಾಡೋಕೆ ಬರಲ್ವಲ್ಲೇ?"

"ಬರಲ್ಲ. ಆದ್ರೆ ಅಲ್ಲಿ ಸುಣ್ಣದ ಮಾತು ಯಾರೂ ಆಡಲ್ಲ."

ಅಷ್ಟರಲ್ಲಿ ಅಂಗಡಿಯ ಹೊರಗಡೆಯಿಂದ, ಕಿಟಕಿಯ ಪಕ್ಕದ ಗೋಡೆಯಲ್ಲಿ, ಕಲ್ಲಿಗೆ ಕಬ್ಬಿಣ ತಾಗಿ ಕರಕರ ಸದ್ದಾಯಿತು. ಬೀಗದ ಕೈ. ಸದ್ದು ನಿಂತಿತು, ಒಂದು ದೀರ್ಘ ನಿಟ್ಟುಸಿರು ಕೇಳಿಸಿತು. ಪೈ ಕಟ್ಟುತ್ತಿದ್ದ ಅಂಗಡಿಯಾಕೆ ಮುಖ ಸಣ್ಣದು ಮಾಡಿಕೊಂಡು, "ಅಯ್ಯೋ, ಹೋದ ವರ್ಷ ತಾನೇ ಸಿಮೆಂಟು ಹಾಕ್ಸಿದ್ದು ನಾನು!" ಎಂದಳು.

ಗ್ಲೆನಿಸ್ ಚೀಲ ಎತ್ತಿಕೊಂಡು, "ಹಿಂದಿನ ಬಾಗಿಲು ತೆಗೆದಿದ್ಯಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಅಡುಗೆಮನೆಯೊಳಗಿಂದ ಹೊರಟಳು. ಅವಳ ಹಿಂದೆಯೇ ಬೆರಿಲ್.